ಹಳೆಯ ಮನೆಯ ಹೊರಗೋಡೆ: ಬಣ್ಣಕ್ಕೆ ಮೊದಲು ನೀರಿನ ದಾರಿ ನೋಡಿ

ಗಿಲಾವು ಉದುರಿದ ಜಾಗಕ್ಕೆ ಸಿಮೆಂಟ್ ಮೆತ್ತಿ, ಮೇಲೆ ಎರಡು ಕೋಟ್ ಬಣ್ಣ ಬಳಿದರೆ ಹಳೆಯ ಮನೆ ಕೆಲವು ತಿಂಗಳು ಹೊಸದರಂತೆ ಕಾಣುತ್ತದೆ. ಆಮೇಲೆ ಅದೇ ಜಾಗ ಮೊದಲಿಗಿಂತ ದೊಡ್ಡ ಚಕ್ಕೆಯಾಗಿ ಕಳಚಿ ಬೀಳುತ್ತದೆ. ಬಿದ್ದ ಚಕ್ಕೆಯನ್ನು ಎತ್ತಿ ತಿರುಗಿಸಿ ನೋಡಿ. ಬೆನ್ನಿಗೆ ಇಟ್ಟಿಗೆಯ ಕೆಂಪು ಪುಡಿ ಅಂಟಿರುತ್ತದೆ, ಕೆಲವೊಮ್ಮೆ ಬಿಳಿ ಉಪ್ಪಿನ ಹರಳೂ ಇರುತ್ತದೆ. ಗೋಡೆಯೊಳಗಿನ ತೇವಕ್ಕೆ ಹೊರಬರಲು ದಾರಿ ಸಿಗದೆ ಅದು ಇಟ್ಟಿಗೆಯ ಮೈಯನ್ನೇ ಕಿತ್ತುಕೊಂಡು ಬಂದಿದೆ.

ಆದ್ದರಿಂದ ಕರಣೆ ಹಿಡಿಯುವ ಮೊದಲು ಜೋರು ಮಳೆಯಲ್ಲೊಮ್ಮೆ ಕೊಡೆ ಹಿಡಿದು ಮನೆಯ ಸುತ್ತ ನಡೆಯಿರಿ. ಸೂರಿನ ದೋಣಿ ಎಲ್ಲಿ ತುಂಬಿ ಗೋಡೆಯ ಮೇಲೆ ಚೆಲ್ಲುತ್ತಿದೆ, ನೀರಿಳಿಯುವ ಪೈಪಿನ ಯಾವ ಕೀಲು ಸೋರುತ್ತಿದೆ, ನೆಲಕ್ಕೆ ಬಿದ್ದ ಹನಿ ಸಿಡಿದು ಗೋಡೆಯ ಬುಡವನ್ನು ಎಷ್ಟೆತ್ತರ ನೆನೆಸುತ್ತಿದೆ ಎಂಬುದು ಆಗ ಮಾತ್ರ ಕಾಣುತ್ತದೆ. ಗೋಡೆಗೆ ಒರಗಿಸಿ ಏರಿಸಿದ ಮಣ್ಣನ್ನು ತೆಗೆಯಿರಿ. ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕನಿಷ್ಠ 15 ಸೆಂ.ಮೀ. ಕೆಳಗಿರಬೇಕು, ಗೋಡೆಯಿಂದ ಆಚೆಗೆ ಇಳಿಜಾರಾಗಿರಬೇಕು.

ಕಿಟಕಿಯ ಕೆಳಗಿನ ಹಾಸುಗಲ್ಲನ್ನು ಅನೇಕರು ಮರೆಯುತ್ತಾರೆ. ಅದರ ಅಡಿಯಲ್ಲಿ, ಮುಂದಿನ ಅಂಚಿನ ಹತ್ತಿರ, ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತದೆ. ಅಂಚಿನಿಂದ ಒಳಕ್ಕೆ ಹರಿದು ಬಂದ ನೀರು ಆ ತೋಡನ್ನು ದಾಟಲಾರದೆ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಎಷ್ಟೋ ವರ್ಷದ ಬಣ್ಣ ತುಂಬಿ ತೋಡು ಮುಚ್ಚಿಹೋಗಿದ್ದರೆ ನೀರು ನೇರ ಗೋಡೆಗೆ ಹೋಗುತ್ತದೆ. ಕಿಟಕಿಯ ಕೆಳಗೆ ಮಾತ್ರ ಪಾಚಿ ಕಟ್ಟಿದ್ದರೆ ಮೊದಲು ಇದನ್ನೇ ಅನುಮಾನಿಸಿ. ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ತೋಡು ಬಿಡಿಸಲು ಹತ್ತು ನಿಮಿಷ ಸಾಕು. ನೀರು ಬರುವುದು ನಿಂತ ಮೇಲೂ ದಪ್ಪ ಗೋಡೆ ಒಣಗಲು ತಿಂಗಳುಗಳೇ ಬೇಕು, ಅವಸರ ಬೇಡ.

ಇನ್ನು ಗೋಡೆ ಯಾವುದರದ್ದು ಎಂದು ತಿಳಿಯಬೇಕು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ, ಮನೆ ಕಟ್ಟುವವರ ಕೈಗೆ ಅದು ಎಲ್ಲೆಡೆ ಬಂದದ್ದು ಬಹಳ ತಡವಾಗಿ. ಅದಕ್ಕೂ ಹಿಂದಿನ ಗೋಡೆಗಳು ಹೆಚ್ಚಾಗಿ ಸುಣ್ಣದ ಗಾರೆಯವು ಅಥವಾ ಮಣ್ಣಿನವು. ಇಟ್ಟಿಗೆಗಳ ಸಂದನ್ನು ಮೊಳೆಯಿಂದ ಗೀರಿ ನೋಡಿ. ಸುಣ್ಣದ ಗಾರೆ ಬೆಳ್ಳಗೆ ಅಥವಾ ಕೆನೆಬಣ್ಣದಲ್ಲಿದ್ದು ಪುಡಿಯಾಗುತ್ತದೆ. ಸಿಮೆಂಟ್ ಬೂದುಬಣ್ಣದ್ದು, ಮೊಳೆಗೆ ಸುಲಭಕ್ಕೆ ಬಗ್ಗದು. ಆಮ್ಲ ಹಾಕಿ ನೊರೆ ಬರುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ನಂಬಬೇಡಿ, ಎರಡೂ ನೊರೆ ಕಾರುತ್ತವೆ. ಸುಣ್ಣದ ಗೋಡೆಗೆ ಸುಣ್ಣವನ್ನೇ ಹಚ್ಚಬೇಕು. ಈ ಒಂದು ಮಾತಿನಲ್ಲಿ ಮಾತ್ರ ರಾಜಿ ಮಾಡಿಕೊಳ್ಳಬೇಡಿ.

ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. 5 ಮಿ.ಮೀ.ಗಿಂತ ಅಗಲವಾದದ್ದು, ಮೆಟ್ಟಿಲಿನಂತೆ ಸಂದಿನಿಂದ ಸಂದಿಗೆ ಏರುವುದು, ಒಂದು ತುದಿಯಲ್ಲಿ ಬಾಯಿ ತೆರೆದುಕೊಂಡಿರುವುದು, ಇವನ್ನು ಎಂಜಿನಿಯರ್‌ಗೆ ತೋರಿಸಿ. ಉಳಿದವುಗಳ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆದಿಡಿ. ಮಳೆ, ಬೇಸಿಗೆ ಎರಡೂ ಕಳೆದ ಮೇಲೂ ಬಿರುಕು ಗೆರೆ ದಾಟಿಲ್ಲವಾದರೆ ತುಂಬಬಹುದು.

ತೇಪೆ ಹಾಕುವ ಕೆಲಸ ಹೀಗೆ. ಉಳಿಯ ಹಿಡಿಯಿಂದ ಗೋಡೆಯನ್ನು ತಟ್ಟುತ್ತ ಹೋಗಿ, ಪೊಳ್ಳು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಪೊಳ್ಳಾದದ್ದನ್ನಷ್ಟೇ ತೆಗೆಯಿರಿ, ಗಟ್ಟಿಯಾಗಿ ಕೂತ ಹಳೆಯ ಗಾರೆಗೆ ಕೈ ಹಚ್ಚಬೇಡಿ. ಅಂಚನ್ನು ಸವರಿ ತೆಳ್ಳಗೆ ಮಾಡದೆ ನೇರವಾಗಿ ಕತ್ತರಿಸಿ. ತೆಳುವಾದ ಅಂಚು ಒಣಗುವಾಗಲೇ ಮೇಲೇಳುತ್ತದೆ. ಪುಡಿಯಾದ ಸಂದುಗಳನ್ನು 20 ಮಿ.ಮೀ. ಆಳಕ್ಕೆ ಕೆರೆದು, ಗಡುಸು ನಾರಿನ ಬ್ರಷ್ಷಿನಿಂದ ದೂಳು ತೆಗೆಯಿರಿ. ತಂತಿ ಬ್ರಷ್ ಬೇಡ, ಮುರಿದುಳಿದ ತಂತಿ ತುಕ್ಕಿನ ಕಲೆ ಬಿಡುತ್ತದೆ. ಹಿಂದಿನ ಸಂಜೆ ಒಮ್ಮೆ, ಕೆಲಸಕ್ಕೆ ಒಂದು ಗಂಟೆ ಮೊದಲು ಇನ್ನೊಮ್ಮೆ ನೀರು ಚಿಮುಕಿಸಿ. ಇಟ್ಟಿಗೆ ಕಪ್ಪಾಗಿರಬೇಕು, ಆದರೆ ನೀರು ಹೊಳೆಯಬಾರದು. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಗಾರೆ ಪುಡಿಯಾಗುತ್ತದೆ.

ಒಂದೇ ಬಕೆಟ್ಟಿನಲ್ಲಿ ಅಳೆದು, ಬೆಣ್ಣೆಸುಣ್ಣ (ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ ಹಳತು ಮಾಡಿದ ಮುದ್ದೆ) 1 ಪಾಲು, ಮೂಲೆಗಳು ಚೂಪಾಗಿರುವ ತೊಳೆದ ಮರಳು 3 ಪಾಲು ತೆಗೆದುಕೊಳ್ಳಿ. ಕಡಲ ಮರಳು ಬೇಡ, ಅದರ ಉಪ್ಪು ಗೋಡೆ ಸೇರುತ್ತದೆ. ಮೊದಲಿಗೆ ಗಾರೆ ಒಣಗಿದಂತೆ ಕಂಡು ನೀರು ಸುರಿಯೋಣವೆನಿಸುತ್ತದೆ. ಸುರಿಯಬೇಡಿ. ಚೆನ್ನಾಗಿ ಕುಟ್ಟಿ ಕಲಸಿದಷ್ಟೂ ಸುಣ್ಣದೊಳಗಿನ ನೀರೇ ಬಿಟ್ಟು ಮೆತ್ತಗಾಗುತ್ತದೆ. ಕರಣೆಯನ್ನು ತಲೆಕೆಳಗು ಮಾಡಿದರೂ ಜಾರದೆ ನಿಂತರೆ ಹದ ಸರಿ. ಸುಣ್ಣ ಕಣ್ಣಿಗೆ ಬಿದ್ದರೆ ಸುಡುತ್ತದೆ. ಕನ್ನಡಕ, ಕೈಗವಸು ಹಾಕಿ, ಶುದ್ಧ ನೀರಿನ ಬಕೆಟ್ ಪಕ್ಕದಲ್ಲಿಟ್ಟುಕೊಳ್ಳಿ. ಸುಟ್ಟ ಸುಣ್ಣವನ್ನು ಮನೆಯಲ್ಲಿ ಅರಳಿಸಲು ಹೋಗಬೇಡಿ, ಅದು ಕುದಿದು ಸಿಡಿಯುತ್ತದೆ.

ಒಂದು ಪದರ 10 ಮಿ.ಮೀ. ಮೀರದಿರಲಿ. ಒತ್ತಿ ಹಚ್ಚಿ, ಮೈಮೇಲೆ ಓರೆಗೀರು ಹಾಕಿ ಬಿಡಿ. ಹೆಬ್ಬೆರಳು ಒತ್ತಿದರೆ ತಗ್ಗು ಬೀಳಬಾರದು, ಉಗುರು ಮಾತ್ರ ಗೀರಬೇಕು. ಆಗ ಮುಂದಿನ ಪದರ. ಮರುದಿನ ಸಣ್ಣ ಸೀಳುಗಳು ಕಂಡರೆ ಗಾಬರಿಯಾಗಬೇಡಿ, ತುಸು ನೀರು ಚಿಮುಕಿಸಿ ಮರದ ಹಲಗೆಯಿಂದ ಒತ್ತಿ ಉಜ್ಜಿದರೆ ಕೂಡಿಕೊಳ್ಳುತ್ತವೆ. ಉಕ್ಕಿನ ಕರಣೆಯಿಂದ ಹೊಳಪು ಬರಿಸಿದರೆ ಮೇಲ್ಮೈ ಮುಚ್ಚಿಹೋಗಿ ಒಳಗಿನ ಸುಣ್ಣ ಗಟ್ಟಿಯಾಗದು, ಏಕೆಂದರೆ ಅದು ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ. ಬಿಸಿಲು ಬೀಳುವ ಕಡೆ ಒದ್ದೆ ಗೋಣಿಚೀಲವನ್ನು ಗೋಡೆಗೆ ತಾಗದಂತೆ ಒಂದು ವಾರ ಇಳಿಬಿಡಿ.

ಸಿಮೆಂಟಿನ ಗೋಡೆಯಾದರೆ ದಾರಿ ಸುಲಭ. ಸಿಮೆಂಟ್ 1 ಪಾಲು, ಮರಳು 4 ಪಾಲಿನ ಗಾರೆ, 12ರಿಂದ 15 ಮಿ.ಮೀ. ದಪ್ಪ, 7 ದಿನ ನೀರುಣಿಸಿ, 28 ದಿನದ ಮೇಲೆ ಬಣ್ಣ.

ಸುಣ್ಣದ ಗೋಡೆಗೆ ಹಾಲಿನಷ್ಟು ತೆಳುವಾದ ಸುಣ್ಣದ ತಿಳಿಯನ್ನೇ ಬಳಿಯಿರಿ. ಗೋಡೆ ನೆನೆಸಿ, ದಿನಕ್ಕೊಂದರಂತೆ 4–5 ಸಲ. ಬಳಿದ ಕೂಡಲೇ ಏನೂ ಕಾಣದು, ಒಣಗುತ್ತ ಬೆಳ್ಳಗಾಗುತ್ತದೆ. ಕಾಣಲಿಲ್ಲವೆಂದು ದಪ್ಪ ಬಳಿದರೆ ಹಪ್ಪಳದಂತೆ ಏಳುತ್ತದೆ. ಹಳೆಯ ಪ್ಲಾಸ್ಟಿಕ್ ಬಣ್ಣದ ಮೇಲೆ ಇದು ನಿಲ್ಲದು, ಅದನ್ನು ಮೊದಲು ತೆಗೆಯಬೇಕು. ಹಳೆಯ ಕಿಟಕಿ ಬಾಗಿಲುಗಳ ಬಣ್ಣದಲ್ಲಿ ಸೀಸವಿರಬಹುದು. ಒಣಗಿದ್ದಾಗ ಉಜ್ಜದೆ ಒದ್ದೆ ಮಾಡಿ ಉಜ್ಜಿ, ಮಕ್ಕಳನ್ನು ದೂರವಿಡಿ. ಏಣಿಯ ಬುಡ 4 ಅಡಿ ಎತ್ತರಕ್ಕೆ 1 ಅಡಿ ಗೋಡೆಯಿಂದಾಚೆ ಇರಲಿ.

ಕಿಟಕಿಯ ಮರ ಕೊಳೆಯುವುದು ಕೆಳಪಟ್ಟಿಯಿಂದ. ಸ್ಕ್ರೂಡ್ರೈವರ್ ಚುಚ್ಚಿ ನೋಡಿ, ಮೆತ್ತಗಿದ್ದಷ್ಟನ್ನು ಕತ್ತರಿಸಿ ಒಣಮರದ ತುಂಡು ಕೂಡಿಸಿ. ಬಣ್ಣವನ್ನು ಗಾಜಿನ ಮೇಲೆ 2 ಮಿ.ಮೀ. ಹತ್ತಿಸಿದರೆ ಪುಟ್ಟಿಯ ಸಂದಿಗೆ ನೀರಿಳಿಯದು. ಕದದ ಅಡಿಯಂಚು ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಎಲ್ಲರೂ ಅದನ್ನು ಬಿಟ್ಟೇಬಿಡುತ್ತಾರೆ. ಕೆಳಗೊಂದು ಕನ್ನಡಿ ಹಿಡಿದು ನೋಡಿ, ಬರಿಮರ ಕಂಡರೆ ಪ್ರೈಮರ್ ಮತ್ತು ಎರಡು ಕೋಟ್ ಅಲ್ಲಿಗೂ ಬಳಿಯಿರಿ.