ಉಳಿದ ಗಿಡಕ್ಕೆ ಹಣ: ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನನ್ನ ಅನುಭವ

ನಮ್ಮೂರಿನ ಅರಳಿಕಟ್ಟೆಯಲ್ಲಿ ಕುಳಿತು ಈ ಯೋಜನೆಯ ಬಗ್ಗೆ ವಿಚಾರಿಸಿದರೆ ಎರಡೇ ಉತ್ತರ ಸಿಗುತ್ತವೆ. 'ಅರಣ್ಯ ಇಲಾಖೆಯವರು ಸಸಿಗೆ ದುಡ್ಡು ಕೊಡುತ್ತಾರಂತೆ' ಎನ್ನುವವರು ಕೆಲವರು, 'ಏನೂ ಕೊಡುವುದಿಲ್ಲವಂತೆ' ಎನ್ನುವವರು ಹಲವರು. ಇಬ್ಬರದೂ ಸುಳ್ಳಲ್ಲ. 2011-12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಸಸಿ ರಿಯಾಯಿತಿ ದರಕ್ಕೆ ಸಿಗುತ್ತದೆ, ಹಣ ಮಾತ್ರ ಬದುಕಿ ಉಳಿದ ಗಿಡಕ್ಕೆ. ನಾನು ನೆಟ್ಟಾಗ ಇದ್ದ ದರದ ಪ್ರಕಾರ ಉಳಿದ ಪ್ರತಿ ಗಿಡಕ್ಕೆ ಮೊದಲ ವರ್ಷ 35 ರೂಪಾಯಿ, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125. ಮುನ್ನೂರು ಸಸಿ ನೆಟ್ಟು ಒಂದೂ ಸಾಯದಿದ್ದರೆ ಮೂರು ವರ್ಷಕ್ಕೆ 37,500 ರೂಪಾಯಿ. ಒಂದೂ ಸಾಯದಿರುವುದು ಬಯಲುಸೀಮೆಯಲ್ಲಿ ಆಗುವ ಮಾತಲ್ಲ.

ನಮ್ಮದು ತುಮಕೂರು ಜಿಲ್ಲೆಯ ಕೆಂಪು ನೆಲ, ಮಳೆಯಾಶ್ರಿತ ಹೊಲ. ಮೇಲ್ಭಾಗ ಮೊರಂಬು, ಅಂದರೆ ಗರಸು ನೆಲ, ಕೆಳಗೆ ಸ್ವಲ್ಪ ಮಣ್ಣಿದೆ. ರಾಗಿ, ಅವರೆ, ತೊಗರಿ ಬೆಳೆಯುತ್ತೇವೆ. ಹೊಲದೊಳಗೆ ಮರ ಹಾಕುತ್ತೇನೆ ಎಂದಾಗ ದೊಡ್ಡಪ್ಪ, 'ರಾಗಿಗೆ ನೆರಳು ಬಿದ್ದರೆ ಏನು ತಿನ್ನುತ್ತೀಯಪ್ಪ?' ಎಂದರು. ಕೇಳಬೇಕಾದ ಪ್ರಶ್ನೆಯೇ. ಯೋಜನೆಯ ಮಿತಿ ಹೆಕ್ಟೇರಿಗೆ 400 ಸಸಿ, ಅಂದರೆ ಐದೈದು ಮೀಟರ್ ಅಂತರ. ಅಷ್ಟು ಒತ್ತಾಗಿ ಹಾಕಿದರೆ ನಾಲ್ಕೈದು ವರ್ಷದಲ್ಲಿ ರಾಗಿಯನ್ನು ಮರೆಯಬೇಕಾಗುತ್ತದೆ. ಹಾಗಾಗಿ ನಾನು ಮಿತಿ ಮುಟ್ಟಲು ಹೋಗಲಿಲ್ಲ. ಬದುಗಳ ಉದ್ದಕ್ಕೂ ಸಾಲು, ಹೊಲದ ಸುತ್ತ ಒಂದು ಸಾಲು, ನಡುವೆ ಬೇಸಾಯ. ಎರಡನೇ ಬೇಸಿಗೆಯಲ್ಲಿ ಎಷ್ಟು ಗಿಡಕ್ಕೆ ನೀರು ಹೊರಬಲ್ಲೆ ಎಂದು ಮೊದಲೇ ಲೆಕ್ಕ ಹಾಕಿ, ಅಷ್ಟೇ ಸಸಿ ತಂದೆ.

ಬದು ಆಗಲೇ ಸಿದ್ಧವಿತ್ತು. 2022ರ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯಡಿ ಕಂದಕ ಬದು ಹಾಕಿಸಿಕೊಂಡಿದ್ದೆವು. ಸಣ್ಣ ರೈತರು ಜಾಬ್ ಕಾರ್ಡ್ ಇದ್ದರೆ ಸ್ವಂತ ಹೊಲದಲ್ಲೇ ಕೆಲಸ ಮಾಡಿ ಕೂಲಿ ಪಡೆಯಬಹುದಿತ್ತು. ಆಗ ದಿನಗೂಲಿ 309 ರೂಪಾಯಿ. ಗ್ರಾಮಸಭೆಯಲ್ಲಿ ಹೇಳಿ ಪಂಚಾಯಿತಿಯ ಕ್ರಿಯಾಯೋಜನೆಯಲ್ಲಿ ಹೆಸರು ಸೇರಿಸಬೇಕಿತ್ತು, ಇಲ್ಲದಿದ್ದರೆ ಮುಂದಿನ ವರ್ಷದವರೆಗೆ ಕಾಯಬೇಕಿತ್ತು. ಇಳಿಜಾರಿಗೆ ಅಡ್ಡಲಾಗಿ ಕಂದಕ ತೆಗೆದು, ಮಣ್ಣನ್ನು ಕೆಳಬದಿಗೆ ಬದುವಾಗಿ ಏರಿಸಿದೆವು. ಕಂದಕದಲ್ಲಿ ನಿಂತ ನೀರು ಇಂಗಿ ಬದುವಿನ ಕೆಳಗೆ ತೇವ ಹಿಡಿಯುತ್ತದೆ, ಗಿಡಕ್ಕೆ ಅಲ್ಲಿಯೇ ಜಾಗ. ಇವು ಎರಡು ಇಲಾಖೆಗಳ ಎರಡು ಯೋಜನೆ, ಒಂದರ ಅರ್ಜಿಯಲ್ಲಿ ಇನ್ನೊಂದರ ಸುದ್ದಿಯೇ ಇರುವುದಿಲ್ಲ. ಜೋಡಿಸಿಕೊಳ್ಳುವುದು ನಮಗೆ ಬಿಟ್ಟದ್ದು. ನನ್ನನ್ನು ಕೇಳಿದರೆ ಸಸಿಗೆ ಸಿಗುವ 125 ರೂಪಾಯಿಗಿಂತ ಹೆಚ್ಚು ಬೆಲೆಯದು ಆ ಬದು.

ಅರ್ಜಿ ದೊಡ್ಡದೇನಲ್ಲ. ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಹತ್ತು ರೂಪಾಯಿ ನೋಂದಣಿ ಶುಲ್ಕ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಮೀನಿನ ಕೈನಕ್ಷೆ. ತೊಡಕು ಇರುವುದು ಪಹಣಿಯಲ್ಲಿ. ನಮ್ಮದು ಇನ್ನೂ ತಾತನ ಹೆಸರಿನಲ್ಲಿತ್ತು. ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದ ತಾತನ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಿಸಿ, ತಮ್ಮನ ಜೊತೆ ಜಂಟಿಯಾಗಿದ್ದದ್ದಕ್ಕೆ ಅವನ ಒಪ್ಪಿಗೆ ಪತ್ರ ಇಟ್ಟು ಮುಗಿಸುವ ಹೊತ್ತಿಗೆ ಒಂದು ಮುಂಗಾರು ಕಳೆದುಹೋಗಿತ್ತು. ಪಹಣಿ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇದೆಯೇ ನೋಡಿಕೊಳ್ಳಿ. 'ಯ್ಯ' ಒಂದು ಕಡೆ, 'ಪ್ಪ' ಇನ್ನೊಂದು ಕಡೆ ಇದ್ದರೆ ಹಣ ಎಲ್ಲೋ ನಿಲ್ಲುತ್ತದೆ, ಎಲ್ಲಿ ಎಂದು ಯಾರೂ ಹೇಳುವುದಿಲ್ಲ.

ಯಾವ ಗಿಡ ಹಾಕಬೇಕೆಂಬುದನ್ನು ಮೇಕೆಗಳೇ ತೀರ್ಮಾನಿಸಿದವು ಎಂದರೂ ಸರಿ. ನೀಲಗಿರಿ, ಅಕೇಶಿಯ, ಸಿಲ್ವರ್ ಓಕ್‌ಗಳಿಗೆ ಹೇಗೂ ಈ ಯೋಜನೆಯಲ್ಲಿ ಪ್ರೋತ್ಸಾಹಧನವಿಲ್ಲ. ಮಂದೆ ಓಡಾಡುವ ದಾರಿಯ ಬದಿಗೆ ಹೊಂಗೆ ಹಾಕಿದೆ. ಮೇಕೆ ಅದರ ತಂಟೆಗೆ ಹೋಗುವುದು ಕಡಿಮೆ, ಸೊಪ್ಪು ಗೊಬ್ಬರಕ್ಕಾಗುತ್ತದೆ. ಒಳಗಿನ ಬದುಗಳಿಗೆ ಹೆಬ್ಬೇವು, ಹುಣಸೆ, ನೇರಳೆ. ನೀರು ನಿಲ್ಲದ ಮೊರಂಬಿನ ಏರಿನಲ್ಲಿ ಮಾತ್ರ ಶ್ರೀಗಂಧ. ಶ್ರೀಗಂಧದ ಬೇರು ಪಕ್ಕದ ಗಿಡದ ಬೇರಿಗೆ ಕಚ್ಚಿಕೊಂಡು ಆಹಾರ ಹೀರುವುದರಿಂದ ಪ್ರತಿ ಗುಂಡಿಯ ಪಕ್ಕ ತೊಗರಿ ಬಿತ್ತಿದೆ. 2001ರ ಕಾನೂನು ತಿದ್ದುಪಡಿಯ ನಂತರ ನಮ್ಮ ಹೊಲದ ಶ್ರೀಗಂಧ ನಮ್ಮದೇ, ಆದರೆ ಕಳ್ಳರಿಗೆ ತಿದ್ದುಪಡಿ ಗೊತ್ತಿಲ್ಲ. ಆದ್ದರಿಂದ ಅದನ್ನು ಮನೆಯಿಂದ ಕಾಣುವ ಕಡೆಗೇ ಹಾಕಿದ್ದೇನೆ. ತೇಗ ಬೇಡವೆಂದೆ. ಮುಂದೆ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು, ಅಷ್ಟು ಹೊತ್ತಿಗೆ ಆ ಕಚೇರಿ ಸುತ್ತುವ ಶಕ್ತಿ ನನಗೆ ಇರಲಾರದು.

2022ರ ಮುಂಗಾರು ಜಡಿದು ಬಂತು, ನೆಟ್ಟದ್ದೆಲ್ಲ ಹಿಡಿಯಿತು. ನಿಜವಾದ ಪರೀಕ್ಷೆ 2023ರದು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದ ವರ್ಷ ಅದು. ನಮ್ಮ ಕಡೆ ಬೇಕಾದಷ್ಟು ಸಿಗುವುದೆಂದರೆ ತೆಂಗಿನಕಾಯಿ ಸಿಪ್ಪೆ. ಗಿಡದ ಬುಡದ ಸುತ್ತ ಸಣ್ಣ ಕಾಲುವೆ ತೋಡಿ, ಸಿಪ್ಪೆಯ ಒಳಮೈ ಮೇಲಾಗುವಂತೆ ಒತ್ತಾಗಿ ಜೋಡಿಸಿ ಮಣ್ಣು ಮುಚ್ಚಿದೆವು. ಒಂದು ಬಿಂದಿಗೆ ನೀರು ಸುರಿದರೆ ಮಾರನೆಯ ದಿನ ಕೈಹಾಕಿ ನೋಡಿದಾಗಲೂ ಸಿಪ್ಪೆಯ ನಾರು ಒದ್ದೆಯಾಗಿರುತ್ತಿತ್ತು. ಗೆದ್ದಲು ಏರದಂತೆ ಬೇವಿನ ಹಿಂಡಿ ಹಾಕಿದೆವು. ಹೆಬ್ಬೇವು ಒಂದಷ್ಟು ಹೋದವು, ನೇರಳೆ ಇನ್ನಷ್ಟು. ಹೊಂಗೆ ಜಪ್ಪೆನ್ನಲಿಲ್ಲ. ಆ ವರ್ಷ ಟ್ಯಾಂಕರ್ ನೀರಿಗೆ ತೆತ್ತ ಹಣ ಪ್ರೋತ್ಸಾಹಧನಕ್ಕಿಂತ ಹೆಚ್ಚು. ಅದನ್ನು ನಂಬಿಕೊಂಡು ಗಿಡ ಹಾಕುವವರು ಮೊದಲು ನೀರಿನ ಲೆಕ್ಕ ಬರೆಯಲಿ.

ಗಿಡ ಎಣಿಸುವ ದಿನದ ಬಗ್ಗೆ ಎರಡು ಮಾತು ಹೇಳಲೇಬೇಕು. ಅರಣ್ಯ ರಕ್ಷಕರು ಬಂದದ್ದು ಹೆಬ್ಬೇವು ಎಲೆ ಉದುರಿಸಿ ನಿಂತಿದ್ದ ಕಾಲಕ್ಕೆ. ನೋಡಿದವರಿಗೆ ನೆಲಕ್ಕೆ ಊರಿದ ಕಡ್ಡಿಗಳ ಹಾಗೆಯೇ ಕಾಣುತ್ತಿದ್ದವು. 'ಗೌಡರೇ, ಇವೆಲ್ಲ ಒಣಗಿಹೋಗಿವೆಯಲ್ಲ' ಎಂದರು. 'ಇಲ್ಲ ಸಾರ್, ಬನ್ನಿ' ಎಂದು ಒಂದರ ತೊಗಟೆಯನ್ನು ಉಗುರಿನಿಂದ ಕೆರೆದು ತೋರಿಸಿದೆ, ಒಳಗೆ ಹಸಿರು ಪಸೆ. ಮುಂದಿನದನ್ನು ಅವರೇ ಕೆರೆದರು, ಆಮೇಲೆ ಸಾಲುಗಟ್ಟಲೆ ಕೆರೆಯುತ್ತಾ ಹೋದೆವು. ಸಾಧ್ಯವಾದರೆ ಎಲೆ ಇರುವ ಕಾಲದಲ್ಲೇ ಬಂದು ನೋಡಿ ಎಂದು ಮೊದಲೇ ಕೇಳಿಕೊಳ್ಳಿ. ಗಿಡದ ಪಕ್ಕ ತುದಿಗೆ ಸುಣ್ಣ ಬಳಿದ ಕೋಲು ಊರಿ, ಎಣಿಕೆಗೆ ಮುಂಚೆ ಹುಲ್ಲು ಕೊಯ್ಯಿಸಿ. ಹುಲ್ಲಿನೊಳಗೆ ಅಡಗಿದ ನೇರಳೆ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಯಾವ ಸಾಲಿನಲ್ಲಿ ಯಾವ ಗಿಡ ಎಷ್ಟು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮಾತು ಬೆಳೆಯುವುದಿಲ್ಲ. ಎಣಿಸುವವರಿಗೂ ಕೆಲಸ ಹಗುರ.

ಹಣ ಖಾತೆಗೆ ಬಂತು, ಹೇಳಿದ ಕಾಲಕ್ಕೆ ಬರಲಿಲ್ಲ. ಅನುದಾನ ಬಂದಿಲ್ಲ ಎಂಬ ಉತ್ತರವನ್ನು ಕೇಳಿಸಿಕೊಳ್ಳುವ ತಾಳ್ಮೆ ಇರಬೇಕು. ಈ ಹಣ ಬರುತ್ತದೆ ಎಂದು ಹೇಳಿ ಯಾರ ಹತ್ತಿರವೂ ಕೈಸಾಲ ಮಾಡಬೇಡಿ.

ದೊಡ್ಡಪ್ಪನ ಪ್ರಶ್ನೆಗೆ ಈವರೆಗಿನ ಉತ್ತರ ಇಷ್ಟು: ಬದುವಿನ ಪಕ್ಕದ ಎರಡು ಸಾಲು ರಾಗಿ ಸೊರಗುತ್ತದೆ, ನಡುವಿನದಕ್ಕೆ ಏನೂ ಆಗಿಲ್ಲ. ಹೆಬ್ಬೇವಿನ ಕೆಳಕೊಂಬೆಗಳನ್ನು ವರ್ಷಕ್ಕೊಮ್ಮೆ ಸವರುತ್ತೇನೆ. ಈಗ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆನೀರು ಹಿಡಿದಿಡುವ ಹೊಂಡಕ್ಕೆ ಅರ್ಜಿ ಕೊಟ್ಟಿದ್ದೇನೆ. ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90 ಸಹಾಯಧನ. ಬರೀ ಹೊಂಡ ತೋಡಿಸಿದರೆ ಸಾಲದು, ತಳಕ್ಕೆ ಪಾಲಿಥೀನ್ ಹೊದಿಕೆ, ಸುತ್ತ ತಂತಿ ಬೇಲಿ, ಪಂಪ್‌ಸೆಟ್ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಳ್ಳಬೇಕು. ಮೂರು ಪತ್ರಗಳಲ್ಲೂ ಹೆಸರು ಈಗ ಒಂದೇ ಇದೆ, ಅಷ್ಟರಮಟ್ಟಿಗೆ ಕೆಲಸ ಸುಲಭವಾಗಿದೆ.