ಮಳೆಗಾಲದ ಟೊಮೇಟೊಗೆ ಹಿತ್ತಲಲ್ಲೇ ಕಟ್ಟಿದ ಪ್ಲಾಸ್ಟಿಕ್ ಸೂರು

ಬೆಂಗಳೂರಿನಲ್ಲಿ ಹಸಿರುಮನೆ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. ಇಲ್ಲಿ ಹಿಮ ಬೀಳಲ್ಲ, ಗಿಡಗಳನ್ನು ಬೆಚ್ಚಗಿಡಬೇಕಾದ ಗರಜೂ ಇಲ್ಲ. ನಮ್ಮೂರಿನ ತೊಂದರೆಯೇ ಬೇರೆ. ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಶುರುವಾದರೆ ಅಕ್ಟೋಬರ್ ಮುಗಿಯುವವರೆಗೂ ಎಲೆ ಒಣಗುವುದಕ್ಕೇ ಬಿಡುವಿಲ್ಲ. ಸೆಪ್ಟೆಂಬರಿನಲ್ಲಂತೂ ಕೇಳಲೇಬೇಡಿ. ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಟೊಮೇಟೊಗೆ ಅಂಗಮಾರಿ ಬಂತು ಅಂತಲೇ ಲೆಕ್ಕ. ಜೋರು ಹನಿ ಬಿದ್ದು ಮಣ್ಣು ಸಿಡಿಯುತ್ತದೆ, ಆ ಮಣ್ಣಿನ ಜೊತೆ ರೋಗವೂ ಕೆಳಗಿನ ಎಲೆಗೆ ಹತ್ತುತ್ತದೆ. ಹಣ್ಣಾಗುವ ಹೊತ್ತಿಗೆ ಬೇರು ಒಮ್ಮೆಲೇ ನೀರು ಕುಡಿದರೆ ಕಾಯಿ ಬಿರಿಯುತ್ತದೆ. ಕೊತ್ತಂಬರಿ ನೆಲಕ್ಕೆ ಮಲಗಿ ಅಲ್ಲೇ ಕೊಳೆಯುತ್ತದೆ.

ಅಂದರೆ ನನಗೆ ಬೇಕಾಗಿದ್ದು ಮನೆ ಅಲ್ಲ, ಬರೀ ಸೂರು. ಇದೊಂದು ತೀರ್ಮಾನವಾದ ಮೇಲೆ ಖರ್ಚು ಅರ್ಧಕ್ಕಿಂತ ಕಡಿಮೆಯಾಯಿತು. ನಾಲ್ಕೂ ಕಡೆ ಪ್ಲಾಸ್ಟಿಕ್ ಮುಚ್ಚಿದ ಪಾಲಿಹೌಸಿನಲ್ಲಿ ನಮ್ಮ ಮಾರ್ಚ್ ತಿಂಗಳ ಮಧ್ಯಾಹ್ನ ಒಳಗೆ ನಿಂತು ನೋಡಿ, ಗೊತ್ತಾಗುತ್ತದೆ. 35 ಡಿಗ್ರಿ ದಾಟಿದರೆ ಟೊಮೇಟೊ ಹೂವು ಉದುರಿಸಲು ಶುರು ಮಾಡುತ್ತದೆ. ಮಳೆಗಾಲದಲ್ಲಿ ಇನ್ನೊಂದು ಕಾಟ. ಒಳಗಿನ ಆವಿ ಹಾಳೆಗೆ ತಾಗಿ ಹನಿಯಾಗಿ ಮತ್ತೆ ಎಲೆ ಮೇಲೇ ತೊಟ್ಟಿಕ್ಕುತ್ತದೆ. ಮಳೆ ತಪ್ಪಿಸಲು ಹೋಗಿ ಒಳಗೇ ಮಳೆ ತರಿಸಿಕೊಂಡ ಹಾಗೆ, ಅಲ್ವಾ?

ಹಿತ್ತಲಲ್ಲಿ 8 ಅಡಿ ಅಗಲ, 12 ಅಡಿ ಉದ್ದದ ಜಾಗ ಇತ್ತು. ಅಲ್ಲಿ ಒಂದೇ ಕಡೆಗೆ ಇಳಿಜಾರಿರುವ ಮಾಡು ಕಟ್ಟಿದೆ. ಪೂರ್ವಕ್ಕೆ 8 ಅಡಿ ಎತ್ತರ, ಪಶ್ಚಿಮಕ್ಕೆ 6 ಅಡಿ. ಇದಕ್ಕೆ ಕಾರಣ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿ ಬೀಸುವುದು ಹೆಚ್ಚಾಗಿ ಪಶ್ಚಿಮ, ನೈಋತ್ಯದ ಕಡೆಯಿಂದ. ತಗ್ಗಿನ ಬದಿ ಆ ಕಡೆಗಿದ್ದರೆ ಗಾಳಿ ಮಾಡನ್ನು ಎತ್ತದೆ ಮೇಲೆ ಜಾರಿಕೊಂಡು ಹೋಗುತ್ತದೆ. ಪೂರ್ವ ತೆರೆದಿದ್ದರೆ ಬೆಳಗಿನ ಎಳೆ ಬಿಸಿಲು ನೇರ ಒಳಗೆ ಬಂದು ಎಲೆ ಮೇಲಿನ ಇಬ್ಬನಿ ಒಣಗಿಸುತ್ತದೆ. ಬಿಸಿ ಗಾಳಿಯೂ ಆ ಎತ್ತರದ ಕಡೆಯಿಂದಲೇ ಹೊರಗೆ ಹೋಗುತ್ತದೆ. ಹಿಂಗಾರಿನಲ್ಲಿ ಮಳೆ ಪೂರ್ವದಿಂದ ಹೊಡೆಯುತ್ತದೆ, ಅದಕ್ಕೆ ಆ ಬದಿಗೆ ಸುತ್ತಿ ಮೇಲೆ ಕಟ್ಟುವ ಒಂದು ಟಾರ್ಪಾಲ್ ಪರದೆ ಇಟ್ಟುಕೊಂಡಿದ್ದೇನೆ. 8 ಅಡಿಗೆ 2 ಅಡಿ ಇಳುಕಲು ಜಾಸ್ತಿ ಅನ್ನಿಸಬಹುದು. ಅದಕ್ಕಿಂತ ಕಡಿಮೆ ಕೊಟ್ಟರೆ ನೀರು ಗುಂಡಿ ಕಟ್ಟುತ್ತದೆ. ಒಂದು ಸಲ ಗುಂಡಿ ಬಿತ್ತು ಅಂದರೆ ಆ ಭಾರಕ್ಕೆ ಹಾಳೆ ಇನ್ನೂ ಜಗ್ಗಿ, ಗುಂಡಿ ಇನ್ನೂ ದೊಡ್ಡದಾಗುತ್ತದೆ.

ಬಿದಿರು ತಂದಿದ್ದು ಬೊಂಬು ಬಜಾರಿನಿಂದ. "ಎಳೇದು ಬೇಡ ಸಾರ್, ಬಲಿತಿರೋದು ತಗೊಳ್ಳಿ, ಎಳೇದು ಒಣಗಿದ್ರೆ ಸೊಟ್ಟ ಆಗತ್ತೆ," ಅಂತ ಅಂಗಡಿಯವರೇ ಒಂದೊಂದನ್ನೂ ತಟ್ಟಿ ಆರಿಸಿಕೊಟ್ಟರು. ಬಿದಿರಿಗೆ ಇಬ್ಬರು ಶತ್ರುಗಳು. ನೆಲದೊಳಗೆ ಗೆದ್ದಲು, ನೆಲದ ಮೇಲೆ ಕೊರೆಯುವ ಹುಳು. ಗಳದ ಕೆಳಗೆ ಹಿಟ್ಟಿನಂಥ ನುಣ್ಣನೆ ಹಳದಿ ಪುಡಿ ಉದುರಿದ್ದರೆ ಹುಳು ಕೆಲಸ ಶುರು ಮಾಡಿದೆ ಅಂತಲೇ ಅರ್ಥ. ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿದರೆ ಹುಳುವಿನ ಕಾಟ ತಪ್ಪುತ್ತದೆ. ಕಂಬಗಳ ಬುಡಕ್ಕೆ ಎರಡು ಅಡಿವರೆಗೆ ಡಾಂಬರು ಬಳಿದು, ಗುಂಡಿಯ ತಳಕ್ಕೆ ಜಲ್ಲಿ ಹಾಕಿ ನಿಲ್ಲಿಸಿದೆ.

ದುಡ್ಡು ಉಳಿಸಬಾರದ ಜಾಗ ಅಂದರೆ ಹಾಳೆ. ಬಿಳಿ ಪ್ಲಾಸ್ಟಿಕ್ ಎಲ್ಲ ಒಂದೇ ಅಂತ ಮಾಮೂಲಿ ಹಾಳೆ ಹಾಕಿದರೆ ಬಿಸಿಲಿಗೆ ಒಂದೇ ವರ್ಷದಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ಯು.ವಿ. ತಡೆಯುವ, 200 ಮೈಕ್ರಾನ್ ದಪ್ಪದ್ದು ಕೇಳಿ. ಕೆಲವು ಅಂಗಡಿಯಲ್ಲಿ ಇದನ್ನೇ 800 ಗೇಜ್ ಅನ್ನುತ್ತಾರೆ. ಮಾಡಿನ ಅಂಚು ಎಲ್ಲ ಕಡೆ ಒಂದೂವರೆ ಅಡಿ ಹೊರಗೆ ಚಾಚಿರಬೇಕು, ಆ ಲೆಕ್ಕಕ್ಕೆ ಹಾಳೆ ತನ್ನಿ.

ಹಾಳೆ ಹರಿಯುವುದು ಮಳೆಗಲ್ಲ, ಗಾಳಿಗೆ ಪಟಪಟ ಬಡಿದುಕೊಂಡು. ಆದ್ದರಿಂದ ಬಿದಿರಿನ ಗೆಣ್ಣುಗಳನ್ನೆಲ್ಲ ಮಚ್ಚಿನಿಂದ ಸವರಿ ನುಣುಪು ಮಾಡಿ, ಹಾಳೆ ತಾಗುವ ಕಡೆ ಹಳೇ ಸೈಕಲ್ ಟ್ಯೂಬ್ ಸುತ್ತಿ, ಮೇಲೆ ಬಿಳಿ ಸುಣ್ಣ ಬಳಿದೆ. ಬಣ್ಣ ಕಪ್ಪಗಿದ್ದರೆ ಬಿಸಿಲಿಗೆ ಕಾದು ಆ ಜಾಗದಲ್ಲೇ ಹಾಳೆ ಬೇಗ ಸವೆಯುತ್ತದೆ. ಹಾಳೆಗೆ ನೇರವಾಗಿ ಮೊಳೆ ಹೊಡೆಯಬೇಡಿ. ಅಂಚನ್ನು ರೀಪರಿಗೆ, ಅಂದರೆ ಮರದ ತೆಳು ಪಟ್ಟಿಗೆ, ಎರಡು ಸುತ್ತು ಸುತ್ತಿ, ಆ ರೀಪರನ್ನು ಗಳಕ್ಕೆ ಕಟ್ಟಿ. ಕಟ್ಟುವುದಕ್ಕೆ ಹತ್ತು ಹನ್ನೊಂದು ಗಂಟೆಯ ಬಿಸಿಲು ಸರಿಯಾದ ಹೊತ್ತು. ಕಾದ ಹಾಳೆ ಹಿಗ್ಗಿರುತ್ತದೆ, ಆಗ ಬಿಗಿದರೆ ಆಮೇಲೆ ತಣ್ಣಗಾದಾಗ ತಾನೇ ಇನ್ನಷ್ಟು ಬಿಗಿಯಾಗುತ್ತದೆ. ಮುಂಜಾನೆ ಚಳಿಯಲ್ಲಿ ಬಿಗಿದಿದ್ದು ಮಧ್ಯಾಹ್ನ ಜೋಲು ಬೀಳುತ್ತದೆ. ಕೊನೆಗೆ ಹಾಳೆಯ ಮೇಲಿಂದ ಓರೆಯಾಗಿ ಎರಡು ಹಗ್ಗ ಎಳೆದು ಕಟ್ಟಿದೆ. ಪಕ್ಕದ ಮನೆ ಆಂಟಿ ಕಾಂಪೌಂಡ್ ಮೇಲಿಂದ ಇಣುಕಿ, "ಏನ್ರೀ ಇದು, ಯಾರ ಮದುವೆ ಚಪ್ಪರ?" ಅಂದರು. ಈಗ ಅವರ ಮನೆಗೂ ಟೊಮೇಟೊ ಹೋಗುತ್ತದೆ, ಚಪ್ಪರದ ಮಾತಿಲ್ಲ. ಎಲ್ಲ ಸೇರಿ ಆರು ಸಾವಿರದ ಆಸುಪಾಸು ಆಯಿತು, ಕೂಲಿ ನನ್ನದೇ. 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ ನೂರು ರೂಪಾಯಿ ದಾಟಿದ್ದನ್ನು ನೆನೆದರೆ ದುಬಾರಿ ಅನ್ನಿಸುವುದಿಲ್ಲ.

ತಗ್ಗಿನ ಅಂಚಿಗೆ ನಾಲ್ಕಿಂಚಿನ ಪಿ.ವಿ.ಸಿ. ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಮಾಡಿ, 200 ಲೀಟರಿನ ನೀಲಿ ಡ್ರಮ್ಮಿಗೆ ಬಿಟ್ಟಿದ್ದೇನೆ. ಮಾಡು ಸುಮಾರು 15 ಚದರ ಮೀಟರ್. 10 ಮಿಲಿಮೀಟರ್ ಮಳೆ ಬಂದರೆ ಹತ್ತಿರ ಹತ್ತಿರ 150 ಲೀಟರ್. ಒಂದು ಒಳ್ಳೆ ಸಂಜೆ ಮಳೆಗೆ ಡ್ರಮ್ ತುಂಬಿ ಹರಿಯುತ್ತದೆ. ಬಾಯಿಗೆ ಸೊಳ್ಳೆ ಪರದೆ ಕಟ್ಟುವುದು ಮರೆಯಬೇಡಿ, ಡೆಂಗಿ ಸೊಳ್ಳೆಗೆ ಇಂಥ ತಿಳಿ ನೀರೇ ಬೇಕು.

ಈ ನೀರು ಬೇಕೇ ಬೇಕು. ಹೊರಗೆ ಧೋ ಅಂತ ಸುರಿಯುತ್ತಿದ್ದರೂ ಸೂರಿನ ಕೆಳಗಿನ ಗಿಡ ಬಾಯಾರಿ ಬಾಡಬಹುದು! ದಿನಾ ಬೆಳಿಗ್ಗೆ ಚೊಂಬಿನಲ್ಲಿ ಬುಡಕ್ಕಷ್ಟೇ ಹಾಕುತ್ತೇನೆ, ಎಲೆಗೆ ತಾಗಿಸುವುದಿಲ್ಲ. ಮಡಿ ನೆಲಕ್ಕಿಂತ ಮುಕ್ಕಾಲು ಅಡಿ ಎತ್ತರ, ಸುತ್ತ ಕಾಲುವೆ, ಮಡಿ ಮೇಲೆ ಒಣ ಹುಲ್ಲಿನ ಹೊದಿಕೆ. ಕೊಟ್ಟಿಗೆ ಗೊಬ್ಬರಕ್ಕೆ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಒಳ್ಳೆ ಶಿಲೀಂಧ್ರ) ಬೆರೆಸಿ, ಒಂದು ವಾರ ಹಾಗೇ ಇಟ್ಟು ಆಮೇಲೆ ಹಾಕುತ್ತೇನೆ. ತಳಿ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್. ಎಲೆ ಮುದುಡು ರೋಗ, ದುಂಡಾಣು ಸೊರಗು ರೋಗ, ಬೇಗ ಬರುವ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆಯುತ್ತದೆ. ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ಎತ್ತಿಟ್ಟು ಪ್ರಯೋಜನವಿಲ್ಲ, ಪ್ರತಿ ಸಲ ಹೊಸದೇ ತರಬೇಕು. ಗಿಡವನ್ನು ಸುತಳಿಯಿಂದ ಮೇಲಿನ ಗಳಕ್ಕೆ ಎತ್ತಿ ಕಟ್ಟಿ, ಬಗಲ ಚಿಗುರು ಚಿವುಟುತ್ತೇನೆ. ಹೂ ಬಿಟ್ಟಾಗ ಹತ್ತು ಗಂಟೆ ಹೊತ್ತಿಗೆ ಆ ಸುತಳಿಯನ್ನು ಬೆರಳಲ್ಲಿ ಮೀಟಿದರೆ ಪರಾಗ ಉದುರಿ ಕಾಯಿ ಚೆನ್ನಾಗಿ ಕಟ್ಟುತ್ತದೆ.

ಸೂರು ಕಟ್ಟಿದರೂ ಬಿಳಿ ನೊಣ ಬರುತ್ತದೆ. ಅದಕ್ಕೆ ಹಳದಿ ಅಂಟು ಹಾಳೆ, ಬೇವಿನೆಣ್ಣೆ ಸಾಕು.

ಮಹಡಿ ಮೇಲೆ ಇದನ್ನೇ ಕಟ್ಟಬಹುದಾ ಅಂತ ಸುಮಾರು ಜನ ಕೇಳಿದ್ದಾರೆ. ಇದೇ ಅಳತೆಯಲ್ಲಿ ಬೇಡ. ಅಲ್ಲಿ ಕಂಬ ಹೂಳಲು ಮಣ್ಣಿಲ್ಲ, ಗಾಳಿಯೂ ಜಾಸ್ತಿ. ಎತ್ತರವನ್ನು 5 ಅಡಿಗೆ ಇಳಿಸಿ, ಪ್ರತಿ ಕಂಬವನ್ನೂ ಸಿಮೆಂಟ್ ತುಂಬಿದ ಬಕೆಟ್‌ನಲ್ಲಿ ನಿಲ್ಲಿಸಿ, ಪ್ಯಾರಾಪೆಟ್ ಗೋಡೆಗೂ ತಂತಿಯಿಂದ ಬಿಗಿದು ಕಟ್ಟಿ. ಜೋರು ಗಾಳಿಯ ಮುನ್ಸೂಚನೆ ಇದ್ದ ದಿನ ಹಾಳೆ ಬಿಚ್ಚಿ ಸುತ್ತಿಡಲು ಬರುವ ಹಾಗೆ ಒಂದು ಕಡೆ ಗಂಟು ಹಾಕದೆ ಕೊಕ್ಕೆ ಇಟ್ಟುಕೊಳ್ಳಿ.