ಚಂಡಮಾರುತದ ದಿನಗಳಲ್ಲಿ ಉತ್ತರ ಕನ್ನಡದಿಂದ ವಿಮಾನ ಪ್ರಯಾಣ: ಮೊದಲು ರಸ್ತೆ, ಆಮೇಲೆ ಟಿಕೆಟ್

ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚಾಗಿ ಏಳುವುದು ಮೇ–ಜೂನ್‌ನಲ್ಲಿ ಮತ್ತು ಮಳೆಗಾಲ ಮುಗಿದ ಮೇಲಿನ ಅಕ್ಟೋಬರ್–ಡಿಸೆಂಬರ್ ಅವಧಿಯಲ್ಲಿ. ಬೇಸಿಗೆ ರಜೆಯ ಕೊನೆಯೂ ದೀಪಾವಳಿಯೂ ಕ್ರಿಸ್‌ಮಸ್ಸೂ ಬರುವುದು ಇದೇ ತಿಂಗಳುಗಳಲ್ಲಿ. ನಮ್ಮ ಜಿಲ್ಲೆಯಿಂದ ಪ್ರಯಾಣಿಕ ವಿಮಾನ ಹಾರುವುದಿಲ್ಲವಾದ್ದರಿಂದ, ಟಿಕೆಟ್ ತೆಗೆಯುವ ಮೊದಲು ನಿಲ್ದಾಣದವರೆಗಿನ ದಾರಿಯ ವಿಚಾರ ಮಾಡಬೇಕು.

2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಮುಚ್ಚಿತ್ತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾರವಾರ–ಗೋವಾ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಇವೆರಡಕ್ಕೂ ಚಂಡಮಾರುತ ಕಾರಣವಲ್ಲ. ಆದರೆ ವಿಮಾನ ಸಮಯಕ್ಕೆ ಸರಿಯಾಗಿ ಹಾರಿದರೂ ಪ್ರಯಾಣಿಕ ಮಾತ್ರ ದಾರಿಯಲ್ಲೇ ಉಳಿಯಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಹವಾಮಾನ ಇಲಾಖೆ ಕರಾವಳಿಗೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ ಹಿಂದಿನ ದಿನವೇ ಹಗಲಿನಲ್ಲಿ ಹೊರಟು ನಿಲ್ದಾಣದ ಊರಿನಲ್ಲಿ ತಂಗುವುದು ಲೇಸು. ಒಂದು ರಾತ್ರಿಯ ಲಾಡ್ಜ್ ಬಾಡಿಗೆ ಕೈತಪ್ಪಿದ ಟಿಕೆಟ್‌ಗಿಂತ ಅಗ್ಗವೇ.

ಕಾರವಾರದವರು ಟಿಕೆಟ್ಟಿನಲ್ಲಿ ‘ಗೋವಾ’ ಎಂದು ಓದಿ ಸುಮ್ಮನಾಗಬಾರದು. ನಿಲ್ದಾಣದ ಸಂಕೇತ ಜಿಒಐ ಎಂದಿದ್ದರೆ ಅದು ದಾಬೋಲಿಂನ ಹಳೆಯ ನಿಲ್ದಾಣ. ಜಿಒಎಕ್ಸ್ ಎಂದಿದ್ದರೆ 2023ರ ಜನವರಿಯಲ್ಲಿ ಆರಂಭವಾದ ಮೋಪಾ. ಮೋಪಾ ಇರುವುದು ಉತ್ತರ ತುದಿಯಲ್ಲಿ, ಮಹಾರಾಷ್ಟ್ರದ ಗಡಿಯ ಹತ್ತಿರ. ಅಲ್ಲಿಗೆ ತಲುಪಲು ಮಳೆಯಲ್ಲಿ ಇಡೀ ಗೋವಾ ದಾಟಬೇಕು. ಶಿರಸಿಯವರಿಗೆ ನನ್ನ ಸಲಹೆ ಹುಬ್ಬಳ್ಳಿ. ಮುಂಡಗೋಡ ದಾರಿಯಲ್ಲಿ ಮರ ಬೀಳಬಹುದಾದರೂ ದೇವಿಮನೆ ಘಟ್ಟವನ್ನಾಗಲಿ ಅರಬೈಲು ಘಟ್ಟವನ್ನಾಗಲಿ ಇಳಿಯುವ ಪ್ರಮೇಯವಿಲ್ಲ. ಗುಡುಗು ಮಳೆ ಮಧ್ಯಾಹ್ನದ ಮೇಲೆ ಹೆಚ್ಚು ಎಂಬ ಕಾರಣಕ್ಕೆ ಬೆಳಗಿನ ವಿಮಾನವನ್ನೇ ಹಿಡಿಯಿರಿ ಎನ್ನುವುದು ವಾಡಿಕೆ. ಅದಕ್ಕಾಗಿ ಮಳೆಯಲ್ಲಿ ರಾತ್ರಿ ಎರಡಕ್ಕೆ ಮನೆ ಬಿಡಬೇಕಾಗಿ ಬಂದರೆ, ಬೆಳಕು ಹರಿದ ಮೇಲೆ ಹೊರಟು ಹಿಡಿಯಬಹುದಾದ ವಿಮಾನವೇ ವಾಸಿ.

ಹವಾಮಾನ ಇಲಾಖೆಯು ಚಂಡಮಾರುತದ ಸೂಚನೆಗಳನ್ನು ಹಂತಹಂತವಾಗಿ, ಸುಮಾರು 72, 48 ಮತ್ತು 24 ಗಂಟೆ ಮುಂಚಿತವಾಗಿ ಕೊಡುತ್ತದೆ. ಮೊದಲ ಸೂಚನೆ ಬಂದಾಗಲೇ ತಂಗುವ ವ್ಯವಸ್ಥೆ ಮಾಡಿಕೊಂಡು, ಶುಲ್ಕವಿಲ್ಲದೆ ದಿನಾಂಕ ಬದಲಿಸಲು ವಿಮಾನ ಸಂಸ್ಥೆ ಅವಕಾಶ ಕೊಟ್ಟಿದೆಯೇ ಎಂದು ಅದರ ಆ್ಯಪ್‌ನಲ್ಲಿ ನೋಡಬೇಕು. ನಮ್ಮ ಆಕಾಶ ತಿಳಿಯಾಗಿದೆ ಎಂದು ನಂಬಿ ಕೂರುವಂತಿಲ್ಲ. 2021ರ ಮೇ 17ರಂದು ತೌಕ್ತೆ ಚಂಡಮಾರುತದಿಂದ ಮುಂಬೈ ನಿಲ್ದಾಣವೂ, 2023ರ ಡಿಸೆಂಬರ್ 4ರಂದು ಮಿಚಾಂಗ್‌ನಿಂದ ಚೆನ್ನೈ ನಿಲ್ದಾಣವೂ ಗಂಟೆಗಟ್ಟಲೆ ಮುಚ್ಚಿದ್ದವು. ಅಂಥ ಊರಿನಿಂದ ಬರಬೇಕಾದ ವಿಮಾನವೇ ನಿಮ್ಮನ್ನು ಕರೆದೊಯ್ಯುವುದಾದರೆ ಹುಬ್ಬಳ್ಳಿಯ ಬಿಸಿಲಿನಲ್ಲೂ ಕಾಯಬೇಕಾಗುತ್ತದೆ.

ದುಡ್ಡಿನ ವಿಷಯದಲ್ಲಿ ಅವಸರ ಬೇಡ. ಗಾಬರಿಯಿಂದ ನೀವೇ ಟಿಕೆಟ್ ರದ್ದು ಮಾಡಿದರೆ ರದ್ದತಿ ಶುಲ್ಕ ಕಡಿತವಾಗುತ್ತದೆ. ಸಂಸ್ಥೆಯೇ ರದ್ದು ಮಾಡಿದರೆ, ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಂತೆ, ಬದಲಿ ವಿಮಾನ ಅಥವಾ ಹಣ ವಾಪಸು ಕೇಳುವ ಹಕ್ಕು ನಿಮ್ಮದು. ಪ್ರಕೃತಿ ವಿಕೋಪದ ಸಂದರ್ಭದಲ್ಲಿ ಪರಿಹಾರದ ಮೊತ್ತ ಮಾತ್ರ ಸಿಗುವುದಿಲ್ಲ. ಮುಂಬೈಯಲ್ಲಿ ವಿಮಾನ ಬದಲಿಸಿ ದುಬೈಗೋ ಮಸ್ಕತ್‌ಗೋ ಹೋಗುವವರು ಎರಡೂ ಹಾರಾಟಗಳನ್ನು ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ತೆಗೆದುಕೊಳ್ಳಬೇಕು. ಬೇರೆಬೇರೆಯಾಗಿ ತೆಗೆದಿದ್ದರೆ ಮೊದಲನೆಯದರ ವಿಳಂಬಕ್ಕೆ ಎರಡನೆಯ ಸಂಸ್ಥೆ ಹೊಣೆಯಲ್ಲ. ಪ್ರವಾಸ ವಿಮೆಯನ್ನು ಟಿಕೆಟ್ ಜೊತೆಗೇ ಮಾಡಿಸಬೇಕು, ಏಕೆಂದರೆ ಚಂಡಮಾರುತಕ್ಕೆ ಹೆಸರು ಬಿದ್ದ ಮೇಲೆ ಕೊಂಡ ವಿಮೆ ಸಾಮಾನ್ಯವಾಗಿ ಆ ಚಂಡಮಾರುತದ ನಷ್ಟವನ್ನು ಭರಿಸುವುದಿಲ್ಲ. ಎರಡು ದಿನದ ಔಷಧ, ಚಾರ್ಜರ್, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಬೆಂಗಳೂರಿಗೆ ಹೋಗುವವರು ರೈಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಕಾರವಾರದಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಅನುಕೂಲವೇ, ಆದರೆ ಅದು ಸುಬ್ರಹ್ಮಣ್ಯ–ಸಕಲೇಶಪುರ ಘಟ್ಟ ಹತ್ತಬೇಕು, ಭಾರಿ ಮಳೆಯಲ್ಲಿ ಆ ಮಾರ್ಗವೂ ನಿಲ್ಲುವುದುಂಟು. ಹುಬ್ಬಳ್ಳಿ–ಬೆಂಗಳೂರು ಹಳಿಗೆ ಅಂಥ ಘಟ್ಟವಿಲ್ಲ. ಅಲ್ಲಿ ವಿಮಾನ ರದ್ದಾದರೆ ಆಟೋ ಹಿಡಿದು ರೈಲು ನಿಲ್ದಾಣಕ್ಕೆ ಹೋಗಬಹುದು.